ಅಡೆಲ್ಫಿಯಾ ನಿಜಕ್ಕೂ ಚೇತರಿಸಿಕೊಂಡಿತಾ?

ರಘು: ಅಮೆರಿಕದ ಕೇಬಲ್ ಟಿವಿ ಕಂಪನಿ ಅಡೆಲ್ಫಿಯಾ 2002ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮಾಲೀಕರಾದ ರಿಗಾಸ್ ಕುಟುಂಬ ಕಂಪನಿಯ ಹೊಣೆಯಲ್ಲಿ ಎತ್ತಿದ 230 ಕೋಟಿ ಡಾಲರ್ ಸಾಲ ಲೆಕ್ಕಪತ್ರದಲ್ಲೇ ಇರಲಿಲ್ಲ. ಆದರೂ ಹೊಸ ಆಡಳಿತ ಬಂತು, ಸುಮಾರು 50 ಲಕ್ಷ ಮನೆಗಳ ಟಿವಿ ನಡೆಯುತ್ತಲೇ ಇತ್ತು. ದಿವಾಳಿ ಅಂದರೆ ಸಾವಲ್ಲ, ಚಿಕಿತ್ಸೆ.

ಲೆಕ್ಕದ ಮೇಷ್ಟ್ರು: ಚಿಕಿತ್ಸೆಯಾ? 2006ರ ಜುಲೈನಲ್ಲಿ ಟೈಮ್ ವಾರ್ನರ್ ಮತ್ತು ಕಾಮ್‌ಕಾಸ್ಟ್ ನಗದು, ಷೇರು ಸೇರಿ ಸುಮಾರು 1,760 ಕೋಟಿ ಡಾಲರ್‌ಗೆ ಹಂಚಿಕೊಂಡವು. ರೋಗಿಯ ಕೈಕಾಲು ಮಾರಿ ‘ಗುಣವಾಯಿತು’ ಅಂತೀರಲ್ಲ!

ಶೈಲಜಾ: ‘ಹಂಚಿಕೊಂಡವು’ ಅಂತ ಸುಲಭವಾಗಿ ಹೇಳಬೇಡಿ. ಜಾನ್ ರಿಗಾಸ್ 1952ರಲ್ಲಿ ಪೆನ್ಸಿಲ್ವೇನಿಯಾದ ಕೌಡರ್ಸ್‌ಪೋರ್ಟ್ ಅನ್ನೋ ಪುಟ್ಟ ಊರಲ್ಲಿ 300 ಡಾಲರ್ ಹಾಕಿ ಕಟ್ಟಿದ್ದು ಅದು. ಊರಿನ ಕಾಯಿಲೆಯವರನ್ನು ಕಂಪನಿ ವಿಮಾನದಲ್ಲಿ ಆಸ್ಪತ್ರೆಗೆ ಕಳಿಸುತ್ತಿದ್ದರು.

ಲೆಕ್ಕದ ಮೇಷ್ಟ್ರು: ಕಂಪನಿ ವಿಮಾನ! ನೀವೇ ಹೇಳಿದಿರಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಸವದತ್ತಿ ಬಸು: ಮಾಸ್ತರ್ರೇ, ನಡುವೆ ಎಲ್ಲಮ್ಮನನ್ನು ಯಾಕೆ ಎಳೀತೀರಿ? ಗುಡ್ಡಕ್ಕೆ ಬರುವವರು ಚಕ್ಕಡಿ ಕಟ್ಟಿಕೊಂಡು, ಸ್ವಂತ ರೊಟ್ಟಿ ಬುತ್ತಿ ತಂದು, ಸ್ವಂತ ದುಡ್ಡಲ್ಲೇ ಜಾತ್ರೆ ಮಾಡುತ್ತಾರೆ.

ಲೆಕ್ಕದ ಮೇಷ್ಟ್ರು: ಅದು ಗಾದೆ. ನಾನು ಹುಟ್ಟಿಸಿದ್ದಲ್ಲ.

ಸವದತ್ತಿ ಬಸು: ಗಾದೆ ಅಂದಮಾತ್ರಕ್ಕೆ ಸರಿಯಾಗಿಬಿಡುತ್ತಾ? ಭಕ್ತರನ್ನು ಒಯ್ದು ಕಳ್ಳರ ಪಕ್ಕ ಕೂರಿಸಿದಿರಿ.

ಶೈಲಜಾ: ‘ಕಳ್ಳರು’ ಅಂತ ಮನೆಮಂದಿಯನ್ನೆಲ್ಲ ಸೇರಿಸಬೇಡಿ. ಮಗ ಜೇಮ್ಸ್ ಮೇಲೆ ಕ್ರಿಮಿನಲ್ ಕೇಸೇ ಇರಲಿಲ್ಲ.

ಲೆಕ್ಕದ ಮೇಷ್ಟ್ರು: 2005ರಲ್ಲಿ ಅಪ್ಪನಿಗೆ 15 ವರ್ಷ, ಇನ್ನೊಬ್ಬ ಮಗ ತಿಮೋತಿಗೆ 20 ವರ್ಷ ಜೈಲು. ಅದನ್ನು ಮಾತ್ರ ಹೇಳಲ್ಲ, ಅಲ್ವಾ?

ಶೈಲಜಾ: ಆ ಶಿಕ್ಷೆ ಆಮೇಲೆ ಇಳಿಯಿತು.

ಲೆಕ್ಕದ ಮೇಷ್ಟ್ರು: 12ಕ್ಕೆ, 17ಕ್ಕೆ ಇಳಿಯಿತು ತಾಯೀ. ಸೊನ್ನೆಗಲ್ಲ!

ಸವದತ್ತಿ ಬಸು: ನನ್ನ ಪ್ರಶ್ನೆ ಇನ್ನೂ ಅಲ್ಲೇ ಇದೆ.

ಲೆಕ್ಕದ ಮೇಷ್ಟ್ರು: ಗಾದೆಗೆಲ್ಲ ಕ್ಷಮೆ ಕೇಳುತ್ತಾ ಕೂತರೆ ಕನ್ನಡ ಮಾತಾಡೋದೇ ಬಿಡಬೇಕು.

ಸವದತ್ತಿ ಬಸು: ಕ್ಷಮೆ ಯಾರು ಕೇಳಿದರು? ಗಾದೆ ತಪ್ಪು ಅಂತ ಒಪ್ಪಿಕೊಳ್ಳಿ, ಸಾಕು.

ರಘು: ಸುಮ್ನೆ ಎಲ್ಲಿಗೋ ಹೋಯಿತು ಮಾತು. ಕುಟುಂಬ ತನ್ನ ಆಸ್ತಿಯ ಬಹುಪಾಲು ಬಿಟ್ಟುಕೊಟ್ಟಿತು. ಮೋಸಹೋದವರಿಗೆ 71.5 ಕೋಟಿ ಡಾಲರ್ ನಿಧಿ ಆಯಿತು. ಇದು ಚೇತರಿಕೆ ಅಲ್ಲದೆ ಇನ್ನೇನು?

ಲೆಕ್ಕದ ಮೇಷ್ಟ್ರು: ‘ಬಹುಪಾಲು’ ಅಂದರೆ ಉಳಿದ ಪಾಲು ಯಾರ ಹತ್ತಿರ ಇತ್ತು? ಇರಲಿ. ಕಂಪನಿ ಈಗ ಎಲ್ಲಿದೆ, ಅದನ್ನು ತೋರಿಸಿ.

ಶೈಲಜಾ: ಕೌಡರ್ಸ್‌ಪೋರ್ಟ್‌ನಲ್ಲಂತೂ ಇಲ್ಲ. ನಿಮ್ಮ ಹೊಸ ಆಡಳಿತ ಮುಖ್ಯ ಕಚೇರಿಯನ್ನೇ ಕಿತ್ತು ಕೊಲರಾಡೋಗೆ ಒಯ್ದಿತು.

ರಘು: ‘ನಿಮ್ಮ’ ಅಂದರೆ? ನಾನೇನು ಅಲ್ಲಿ ಕೆಲಸಕ್ಕಿದ್ದೆನಾ?

ಸವದತ್ತಿ ಬಸು: ಮಾಸ್ತರ್ರು ಮೊದಲು ಎಲ್ಲಮ್ಮನ ಮಾತು ವಾಪಸ್ ತಗೊಳ್ಳಲಿ. ಕೊಲರಾಡೋ ಆಮೇಲೆ.