ಸಹಾಯ ಬೇಕು: 4294967297ರ ಅಪವರ್ತನಗಳ ಬಗ್ಗೆ

2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ 4294967297 ಅವಿಭಾಜ್ಯವೆಂದು ಗಣಿತಜ್ಞ ಫರ್ಮಾ ನಂಬಿದ್ದರು. ಅದು 641 ಮತ್ತು 6700417ರ ಗುಣಲಬ್ಧವೆಂದು 1732ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದರು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 6701059 ಮಾತ್ರವಾದ್ದರಿಂದ ಇದು ಕೊರತೆಯ ಸಂಖ್ಯೆ (ಅಂಥ ಮೊತ್ತ ತನಗಿಂತ ಕಡಿಮೆ ಇರುವ ಸಂಖ್ಯೆ) ಎಂಬುದು ಸುಲಭವಾಗಿಯೇ ತಿಳಿಯಿತು.

ಇದರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 64ರ ಯಾವುದೋ ಗುಣಕಕ್ಕಿಂತ 1 ಹೆಚ್ಚಿರಬೇಕೆಂಬುದನ್ನು ಫರ್ಮಾ ಅವರ ಕಿರು ಪ್ರಮೇಯದಿಂದಲೇ (p ಅವಿಭಾಜ್ಯವಾಗಿದ್ದು a ಅದರ ಗುಣಕವಲ್ಲದಿದ್ದರೆ, aಯ p−1ನೇ ಘಾತವನ್ನು pಯಿಂದ ಭಾಗಿಸಿದಾಗ ಶೇಷ 1; ವಿಚಿತ್ರವೆಂದರೆ ಅವರ ಸ್ವಂತ ಪ್ರಮೇಯ!) ಸಾಧಿಸಿದ್ದೇನೆ. ಆದರೆ ಆ 64ರ ಜಾಗದಲ್ಲಿ 128 ಎಂದೇ ಹೇಳಬಹುದೆಂಬ ಗಣಿತಜ್ಞ ಲ್ಯೂಕಾ ಅವರ ಫಲಿತಾಂಶದಲ್ಲಿ, 2 ಎಂಬುದು ಆ ಅವಿಭಾಜ್ಯ ಅಪವರ್ತನಕ್ಕೆ ವರ್ಗಶೇಷವಾಗುತ್ತದೆ (ಅಂದರೆ ಯಾವುದೋ ಪೂರ್ಣಾಂಕದ ವರ್ಗವನ್ನು ಆ ಅಪವರ್ತನದಿಂದ ಭಾಗಿಸಿದಾಗ ಶೇಷ 2 ಬರುತ್ತದೆ) ಎನ್ನುವ ಹಂತ ನನಗೆ ಅರ್ಥವಾಗುತ್ತಿಲ್ಲ. ಅದು ಸಿಕ್ಕರೆ, 6700417ರ ವರ್ಗಮೂಲ 2589ಕ್ಕಿಂತ ಕಡಿಮೆ ಇರುವುದರಿಂದ, ಆ ಮಿತಿಯೊಳಗೆ 128ರ ಗುಣಕಕ್ಕಿಂತ 1 ಹೆಚ್ಚಿರುವ ಅವಿಭಾಜ್ಯಗಳಾದ 257, 641, 769, 1153, 1409 ಈ ಐದರಿಂದ ಭಾಗಿಸಿ ನೋಡಿದರೆ ಸಾಕು, ಅದು ಅವಿಭಾಜ್ಯವೆಂದು ಕೈಲೆಕ್ಕದಲ್ಲೇ ಖಚಿತವಾಗುತ್ತದೆ. ಪಿಯುಸಿ ಮಟ್ಟದ ಗಣಿತ ಬಲ್ಲವರಿಗೆ ತಿಳಿಯುವಂತೆ ಆ ಹಂತವನ್ನು ಯಾರಾದರೂ ವಿವರಿಸಬೇಕೆಂದು ಕೋರುತ್ತೇನೆ.