ತುಮಕೂರಿಂದ ಮಾದಾವರದ ಗಾನಸಂಜೆಗೆ: ಅಪ್ಪ, ಅಮ್ಮ ನಗ್ತಾ ವಾಪಸ್ ಬರಬೇಕು, ಸಲಹೆ ಕೊಡಿ

ಅಮಾನಿಕೆರೆ ಕೇಳಿದ್ದು:

ಅಮ್ಮನ ಅಚ್ಚುಮೆಚ್ಚಿನ ಗಾಯಕಿಯ ಕಾರ್ಯಕ್ರಮ ಬೆಂಗಳೂರಿನ ಅಂಚಲ್ಲಿರುವ ಮಾದಾವರದ ನೈಸ್ ಮೈದಾನದಲ್ಲಿದೆ. ಅಪ್ಪ, ಅಮ್ಮ, ನಾನು ಹೊರಟಿದ್ದೇವೆ. ಅವರಿಬ್ಬರಿಗೂ ಅರವತ್ತು ದಾಟಿದೆ, ನಮ್ಮಲ್ಲಿ ಕಾರಿಲ್ಲ. ಬಸ್ಸಲ್ಲಿ ಹೋಗಿಬರೋದು ಹೇಗೆ? ಯಾವ ಜಾಗದಲ್ಲಿ ಚೆನ್ನಾಗಿ ಕೇಳುತ್ತೆ? ಕಿವಿಗೆ ತೊಂದರೆ ಆಗದ ಹಾಗೆ ಏನು ಮಾಡಬೇಕು? ಇನ್ನೊಂದು ಮಾತು: ಕ್ಯೂ, ಕಾಯೋದು ಅಂದ್ರೆ ಅಪ್ಪನಿಗೆ ಸಿಟ್ಟು. ಅವರು ಮುಖ ಗಂಟು ಹಾಕಿಕೊಂಡರೆ ಅಮ್ಮನ ಸಂಜೆಯೂ ಹೋಯ್ತು. ಏನಾದರೂ ಉಪಾಯ ಇದೆಯಾ?

ಹೆದ್ದಾರಿ48:

ಹೋಗುವಾಗ ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿ, ಮಾದಾವರದಲ್ಲಿ ನಿಲ್ಲಿಸ್ತೀರಾ ಅಂತ. ನಿಲ್ಲಿಸದ ಬಸ್ಸು ನಾಗಸಂದ್ರದ ಹತ್ತಿರ ಮೇಲ್ಸೇತುವೆ ಹತ್ತಿದರೆ ಮತ್ತೆ ಇಳಿಯೋದು ಗೊರಗುಂಟೆಪಾಳ್ಯದಲ್ಲೇ. ಹಾಗಾದರೂ ಗಾಬರಿ ಬೇಡ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೋ ಹಿಡಿದು ವಾಪಸ್ ಬನ್ನಿ. 2024ರ ನವೆಂಬರ್‌ನಿಂದ ರೈಲು ಮಾದಾವರದವರೆಗೂ ಬರ್ತಿದೆ.

ಕಷ್ಟ ಇರೋದು ವಾಪಸ್ ಬರುವಾಗ. ಮೆಜೆಸ್ಟಿಕ್‌ನಿಂದ ತುಂಬಿಕೊಂಡು ಬಂದ ಬಸ್ಸು ಮಾದಾವರದ ಗುಂಪು ನೋಡಿ ನಿಲ್ಲಿಸೋದಿಲ್ಲ. ಅಲ್ಲೇ ಕೈ ಅಡ್ಡ ಹಾಕಿಕೊಂಡು ನಿಲ್ಲಬೇಡಿ, ಮೆಟ್ರೋದಲ್ಲಿ ಗೊರಗುಂಟೆಪಾಳ್ಯಕ್ಕೆ ಹೋಗಿ ತುಮಕೂರು ಬಸ್ಸು ಹತ್ತಿ. ಉಲ್ಟಾ ದಾರಿ ಅನ್ನಿಸಿದರೂ ಸೀಟು ಸಿಗುವ ದಾರಿ ಇದೇ. ಕೊನೇ ಮೆಟ್ರೋ ಎಷ್ಟು ಹೊತ್ತಿಗೆ ಅಂತ ಆ ದಿನ ನೋಡಿಕೊಳ್ಳಿ. ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ನಿರ್ಬಂಧವಿದೆ, ವಿಶೇಷ ವಿನಾಯಿತಿ ಇಲ್ಲದಿದ್ದರೆ ಅಷ್ಟರೊಳಗೆ ಮುಗಿಯಬೇಕು.

ಟಿಕೆಟ್ಟಿನ ಕ್ಯುಆರ್ ಕೋಡನ್ನು ಗೇಟಿಗೆ ಬರುವ ಮೊದಲೇ ಆ್ಯಪ್‌ನಲ್ಲಿ ತೆರೆದಿಟ್ಟುಕೊಳ್ಳಿ. ಜನ ಸೇರಿದ ಮೇಲೆ ನೆಟ್‌ವರ್ಕ್ ಸಿಗಲ್ಲ. ಕೆಲವು ಆ್ಯಪ್‌ಗಳಲ್ಲಿ ಕೋಡ್ ಬದಲಾಗುತ್ತಲೇ ಇರುತ್ತೆ, ಸ್ಕ್ರೀನ್‌ಶಾಟ್ ನಡೆಯಲ್ಲ. ನೆಟ್‌ವರ್ಕ್ ಸಿಗದ ಕಾರಣಕ್ಕೇ, ಒಬ್ಬರಿಗೊಬ್ಬರು ಕೈತಪ್ಪಿದರೆ ಎಲ್ಲಿ ಸೇರಬೇಕು ಅನ್ನೋದನ್ನೂ ಒಳಗೆ ಹೋಗುವಾಗಲೇ ತೋರಿಸಿಡಿ.

ಮಂದ್ರಸ್ಥಾಯಿ:

ನಿಂತು ನೋಡುವ ವಿಭಾಗದ ಟಿಕೆಟ್ ಬೇಡವೇ ಬೇಡ. ಗೇಟು, ಕಾಯುವಿಕೆ, ಹಾಡು ಎಲ್ಲ ಸೇರಿ ನಾಲ್ಕೈದು ಗಂಟೆ ಕಾಲ ಮೇಲೇ ಇರಬೇಕಾಗುತ್ತೆ. ಆಸನ ಇರುವುದನ್ನೇ ಕೊಳ್ಳಿ, ದುಡ್ಡು ಹೆಚ್ಚಾದರೂ ಸರಿ.

ಮುಂದಿನ ಸಾಲು ಅಂದ ಮಾತ್ರಕ್ಕೆ ಚೆನ್ನಾಗಿ ಕೇಳುತ್ತೆ ಅಂತಲ್ಲ. ವೇದಿಕೆಯ ಬುಡದಲ್ಲಿರುವ ಸಬ್‌ವೂಫರ್ (ತಗ್ಗು ಸ್ವರಗಳ ಸ್ಪೀಕರ್) ಎದುರು ಕೂತರೆ ಎದೆ ಗುದ್ದುತ್ತೆ, ಸಾಹಿತ್ಯ ಕೇಳಿಸಲ್ಲ. ಮೈದಾನದ ನಡುವೆ ಸೌಂಡ್ ಎಂಜಿನಿಯರ್ ಕೂರುವ ಮಿಕ್ಸರ್ ಅಟ್ಟಣೆ ಇರುತ್ತೆ. ದನಿ, ತಬಲಾ, ಕೊಳಲು ಎಲ್ಲವನ್ನೂ ಆ ಮನುಷ್ಯ ತನ್ನ ಕಿವಿಗೆ ಕೇಳಿದಂತೆ ಹದ ಮಾಡೋದು. ಹಾಗಾಗಿ ಅದರ ಆಸುಪಾಸಿನ ಜಾಗವೇ ಉತ್ತಮ.

ಕಿವಿಯ ವಿಷಯ ಸಲೀಸಾಗಿ ತಗೋಬೇಡಿ. 85 ಡೆಸಿಬಲ್ ಸದ್ದನ್ನು 8 ಗಂಟೆ ಕೇಳಬಹುದು ಅನ್ನೋದು ಒಂದು ಲೆಕ್ಕ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ ಆಗುತ್ತೆ, 100ಕ್ಕೆ ಬರೀ 15 ನಿಮಿಷ. ಫೋಮ್ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ತೂರಿಸಿ, 30 ಸೆಕೆಂಡು ಒತ್ತಿ ಹಿಡಿಯಿರಿ. ಬೇಗ ಬಿಟ್ಟರೆ ಅದು ಉಬ್ಬುತ್ತಾ ಹೊರಗೆ ಜಾರುತ್ತೆ, ಆಮೇಲೆ ಪ್ಲಗ್ ಕೆಲಸ ಮಾಡಲ್ಲ ಅಂತ ಜನ ದೂರುತ್ತಾರೆ. ಸರಿಯಾಗಿ ಕೂತಿದ್ದರೆ ನಮ್ಮ ಮಾತೇ ತಲೆಯೊಳಗೆ ಗುಂಯ್ ಅನ್ನುತ್ತೆ. ಸಂಗೀತಗಾರರ ಪ್ಲಗ್ ಸಿಕ್ಕರೆ ಇನ್ನೂ ವಾಸಿ, ಅದು ಮೇಲಿನ ಸ್ವರಗಳನ್ನು ಮಂಕು ಮಾಡಲ್ಲ.

ಗುಬ್ಬಿಗೂಡು:

ಅಪ್ಪನ ಸಿಟ್ಟಿಗೆ ನನ್ನ ಸಲಹೆ: ಮನೆ ಬಿಡುವಾಗಲೇ ಪಂದ್ಯ ಕಟ್ಟಿ. ಕಾರ್ಯಕ್ರಮ ಎಷ್ಟು ನಿಮಿಷ ತಡವಾಗಿ ಶುರುವಾಗುತ್ತೆ, ಮೊದಲ ಹಾಡು ಯಾವುದು ಅಂತ ಮೂವರೂ ಚೀಟಿಯಲ್ಲಿ ಬರೆದಿಡಿ. ತಡದ ಪಂದ್ಯದಲ್ಲಿ ಅತಿ ದೊಡ್ಡ ಸಂಖ್ಯೆ ಅಪ್ಪನ ಪಾಲಿಗೆ ಬರುವ ಹಾಗೆ ನೋಡಿಕೊಳ್ಳಿ. ಆಗ ಒಂದೊಂದು ನಿಮಿಷ ತಡವಾದಷ್ಟೂ ಅವರು ಗೆಲುವಿಗೆ ಹತ್ತಿರ. ಸೋತವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕು, ಮಾರನೇ ದಿನವಾದರೂ ಸರಿ.

ನಗು ಸನ್ನಿವೇಶದ ಮೇಲಿರಲಿ, ಪಕ್ಕದವರ ಮೇಲೆ ಬೇಡ. ಮುಂದಿನವರು ಮೊಬೈಲ್ ಎತ್ತಿ ಹಿಡಿದಿದ್ದರೆ "ಅಣ್ಣಾ, ನಮ್ಮಮ್ಮ ನಿಮ್ಮ ವಿಡಿಯೋದಲ್ಲೇ ಕಛೇರಿ ನೋಡ್ತಿದ್ದಾರೆ, ಸ್ವಲ್ಪ ಕೆಳಗಿಳಿಸಿದ್ರೆ ನಿಜವಾದದ್ದೂ ಕಾಣುತ್ತೆ" ಅಂತ ನಕ್ಕು ಹೇಳಿ. ಗದರಿದರೆ ಆ ಮೊಬೈಲ್ ಇಳಿಯೋದಿಲ್ಲ.

ನಮ್ಮ ಜಿಲ್ಲೆಯವರಿಗೆ ಹಾಡು, ಹಾಸ್ಯ ಎರಡೂ ಜೊತೆಗೇ ಬಂದದ್ದು. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ, ಅದರ ವೀರಣ್ಣನವರು ಹೆಸರಾದದ್ದು ಹಾಸ್ಯ ಪಾತ್ರಗಳಿಂದಲೇ. ಕಂಪನಿ ನಾಟಕಗಳಲ್ಲಿ ಪರದೆ ಹಿಂದೆ ಸೀನರಿ ಬದಲಾಯಿಸುವಾಗ ಮುಂದೆ ಹಾಸ್ಯ ದೃಶ್ಯ ನಡೆಯೋದು. ಇವತ್ತಿನ ಗಾಯಕರೂ ಗಿಟಾರ್ ಶ್ರುತಿ ಮಾಡುವ ಹೊತ್ತಲ್ಲಿ ಚಟಾಕಿ ಹಾರಿಸ್ತಾರೆ. ಜನ ಅದೇ ಬಿಡುವಲ್ಲಿ ಶೌಚಾಲಯಕ್ಕೆ ಓಡಿ ಅದನ್ನು ಕಳೆದುಕೊಳ್ಳುತ್ತಾರೆ. ಗೊತ್ತಿಲ್ಲದ ಹಾಡು ಶುರುವಾದಾಗ ಎದ್ದು ಹೋಗಿ, ಕ್ಯೂ ಕೂಡ ಚಿಕ್ಕದಿರುತ್ತೆ.

ಅಮಾನಿಕೆರೆ:

ಎಲ್ಲರಿಗೂ ಧನ್ಯವಾದ. ಹಿಂದೆ ಕೂತರೆ ವೇದಿಕೆಯ ದೊಡ್ಡ ವಿಡಿಯೋ ತೆರೆಯ ಮೇಲೆ ಕಾಣುವ ಗಾಯಕಿಯ ತುಟಿಗೂ ಹಾಡಿಗೂ ಹೊಂದಲ್ಲ ಅಂತಾರೆ, ನಿಜವಾ?

ಮಂದ್ರಸ್ಥಾಯಿ:

ನಿಜ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತೆ. ವೇದಿಕೆಯಿಂದ 100 ಮೀಟರ್ ದೂರಕ್ಕೆ ಬರುವಷ್ಟರಲ್ಲಿ 0.3 ಸೆಕೆಂಡು ಆಗಿರುತ್ತೆ, ಚಿತ್ರ ಮಾತ್ರ ಆ ಕ್ಷಣವೇ ಕಾಣುತ್ತೆ. ನಡುವಿನ ಕಂಬಗಳಲ್ಲಿರುವ ಸ್ಪೀಕರನ್ನೂ ವೇದಿಕೆಯ ಸದ್ದಿಗೆ ಹೊಂದುವ ಹಾಗೆ ಬೇಕೆಂದೇ ತಡ ಮಾಡಿರುತ್ತಾರೆ. ಹಾಗಾಗಿ ತಾಳ ಹಾಕುವಾಗ ತೆರೆ ನೋಡಬೇಡಿ, ಹತ್ತಿರದ ಸ್ಪೀಕರ್ ಕೇಳಿ. ನಗೆಮಾತು ಬಂದಾಗ ಗಮನಿಸಿ: ಮುಂದಿನ ಸಾಲು ಮೊದಲು ನಗುತ್ತೆ, ಆಮೇಲೆ ಆ ನಗು ಹಿಂದಕ್ಕೆ ಬರುತ್ತೆ. ಅಪ್ಪನಿಗೆ ಇದನ್ನು ಮೊದಲೇ ಹೇಳಿಡಿ.