ನಾಲ್ಕು ತಿಂಗಳ ಕೂಸು, ಮುಗಿಯದ ಮನೆಗೆಲಸ: ಸಹಾಯ ಬೇಕು

ಅಕ್ಕಂದಿರೇ, ನಮಸ್ಕಾರ. ನಮ್ಮದು ರಾಯಚೂರು. ಮಗಳಿಗೆ 4 ತಿಂಗಳು, ತವರಿನಿಂದ ಬಂದು ಮೂರು ವಾರವಾಯಿತು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂದು ಆಶಾ ಕಾರ್ಯಕರ್ತೆ ಹೇಳಿದ್ದಾರೆ, ಹಾಗೆಯೇ ನಡೆಸುತ್ತಿದ್ದೇನೆ. ಎರಡು ಮೂರು ಗಂಟೆಗೊಮ್ಮೆ ಹಾಲು, ಹಗಲಿನಲ್ಲಿ ಅವಳ ನಿದ್ದೆ ಅರ್ಧ ಗಂಟೆ.

ನನ್ನನ್ನು ಸೋಲಿಸುತ್ತಿರುವುದು ರೊಟ್ಟಿ. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ ತಟ್ಟಲು ಕುಳಿತರೆ ನಡುವೆ ಏಳುವಂತಿಲ್ಲ. ನಿನ್ನೆ ಅವಳು ಅತ್ತಳೆಂದು ಹಿಟ್ಟಿನ ಕೈಯಲ್ಲೇ ಓಡಿದೆ. ಮರಳುವಷ್ಟರಲ್ಲಿ ಹಂಚಿನ ಮೇಲಿನದು ಕರಿದಾಗಿತ್ತು, ಉಳಿದ ಹಿಟ್ಟು ಒಣಗಿ, ತಟ್ಟಿದರೆ ಅಂಚು ಬಿರಿಯುತ್ತಿತ್ತು. ಅಲ್ಲೇ ಕುಳಿತು ಅತ್ತುಬಿಟ್ಟೆ.

ಅತ್ತೆಯವರಿಗೆ ಮೊಣಕಾಲು ನೋವು, ಆದರೂ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಆಡಿಸುತ್ತಾರೆ. ಯಜಮಾನರು ಏಳಕ್ಕೇ ಶಕ್ತಿನಗರಕ್ಕೆ ಕೆಲಸಕ್ಕೆ ಹೊರಡುತ್ತಾರೆ; ಅದಕ್ಕೂ ಮೊದಲು ಬಟ್ಟೆ ಒಗೆದು ಹಾಕುತ್ತೇನೆ ಎಂದಿದ್ದಾರೆ.

ವಾರಕ್ಕಾಗುವಷ್ಟು ಕಡಕ್ ರೊಟ್ಟಿ ಒಮ್ಮೆಗೇ ಮಾಡಿಡುತ್ತೀರಾ? ನಲ್ಲಿ ನೀರು ಬರುವ ದಿನ ಕೂಸನ್ನು ಹೇಗೆ ನೋಡಿಕೊಂಡಿರಿ? ರಾತ್ರಿಯೇ ಮುಗಿಸುವ ಕೆಲಸ ಯಾವುದು, ಬಿಟ್ಟೇಬಿಟ್ಟದ್ದು ಯಾವುದು? ಕೂಸು ಮಲಗಿದಾಗ ನೀನೂ ಮಲಗು ಎನ್ನುತ್ತಾರೆ, ಪಾತ್ರೆ ಹಾಗೆಯೇ ಬಿದ್ದಿರುತ್ತವೆ. ನಿಮ್ಮ ಮನೆಯ ದಿನಚರಿಯನ್ನು ಗಂಟೆ ಸಹಿತ ಬರೆಯಿರಿ, ದಯವಿಟ್ಟು.